ಯಾರಿಗೆ ಕೆಡುಕು, ಯಾರಿಗೆ ಅನಿವಾರ್ಯ?

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಹಾಕುವ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಆ ದಿನ ಡ್ರಿಪ್ ಹಾಕದೆ, ಕೆಲವು ದಿನ ಬಿಟ್ಟು ಬನ್ನಿ ಎಂದು ಕಳಿಸುವುದುಂಟು. ಎಷ್ಟೋ ಔಷಧಿಗಳ ಪ್ರಮಾಣವನ್ನು ರೋಗಿಯ ಎತ್ತರ, ತೂಕ ಲೆಕ್ಕ ಹಾಕಿಯೇ ಗೊತ್ತುಮಾಡುತ್ತಾರೆ. ಇಷ್ಟು ಎಚ್ಚರ ಏಕೆಂದರೆ, ನರಕ್ಕೆ ಇಳಿಯುತ್ತಿರುವುದು ಒಂದು ಬಗೆಯ ವಿಷವೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೈ ಸುಟ್ಟ ಸಾಸಿವೆ ಅನಿಲದ ಹತ್ತಿರದ ಸಂಬಂಧಿ ನೈಟ್ರೋಜನ್ ಮಸ್ಟರ್ಡ್. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಒಬ್ಬ ಕ್ಯಾನ್ಸರ್ ರೋಗಿಗೆ ಕೊಟ್ಟರು. ಗೆಡ್ಡೆಗಳು ಕರಗಿದವು, ಆಮೇಲೆ ಮತ್ತೆ ತಲೆಯೆತ್ತಿದವು. ಆದರೂ ಒಂದು ದಾರಿ ಸಿಕ್ಕಿತ್ತು. ಬೇಗ ಬೇಗ ಒಡೆಯುವ ಜೀವಕೋಶಗಳನ್ನು ಕೊಲ್ಲುವ ಈ ಔಷಧಿಗಳು ಕೂದಲ ಬುಡವನ್ನೂ ಬಾಯಿಯ ಒಳಪದರವನ್ನೂ ಮೂಳೆಯ ಮಜ್ಜೆಯನ್ನೂ ಬಿಡುವುದಿಲ್ಲ.

ಅನಿವಾರ್ಯ ಕೆಡುಕು ಎಂಬ ಮಾತಿಗೆ ಇದಕ್ಕಿಂತ ಪ್ರಾಮಾಣಿಕ ಉದಾಹರಣೆ ನನಗೆ ಕಾಣದು. ನೋವು ಉಣ್ಣುವವರೂ ಫಲ ಪಡೆಯುವವರೂ ಒಬ್ಬರೇ. ಅವರ ಒಪ್ಪಿಗೆ ಕೇಳುತ್ತಾರೆ. ಹಾನಿಯನ್ನು ಹಾನಿ ಎಂದೇ ಬರೆದಿಟ್ಟು ಅಳೆಯುತ್ತಾರೆ, ಮಿತಿ ಮೀರಿದರೆ ನಿಲ್ಲಿಸುತ್ತಾರೆ. ಇನ್ನೂ ಸೌಮ್ಯವಾದ ಔಷಧಿಗಾಗಿ ಹುಡುಕಾಟವಂತೂ ನಿಂತೇ ಇಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ, ಆಪತ್ತಿನಲ್ಲಿ ನಿಯಮ ಮೀರಬಹುದೆಂಬ ಆಪದ್ಧರ್ಮದ ವಿಚಾರವೂ ಇದಕ್ಕೆ ಹತ್ತಿರದ್ದು. ಹನ್ನೆರಡು ವರ್ಷದ ಬರಗಾಲದಲ್ಲಿ ಹಸಿವು ತಾಳಲಾರದೆ ವಿಶ್ವಾಮಿತ್ರ ನಾಯಿಮಾಂಸಕ್ಕೆ ಕೈ ಹಾಕುತ್ತಾನೆ. ಆಪತ್ತು ಇರುವವರೆಗಷ್ಟೇ ಆ ವಿನಾಯಿತಿ.

ರಾಜಕೀಯದಲ್ಲಿ ಅನಿವಾರ್ಯ ಕೆಡುಕು ಎಂಬ ಮಾತು ಹೆಸರಾದದ್ದು ಥಾಮಸ್ ಪೇನ್‌ನಿಂದ. 1776ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಚ್ಚಾದ 'ಕಾಮನ್ ಸೆನ್ಸ್' ಎಂಬ ಪುಟ್ಟ ಪುಸ್ತಕದಲ್ಲಿ ಅವನು, ಸರ್ಕಾರ ಎಷ್ಟೇ ಚೆನ್ನಾಗಿದ್ದರೂ ಅನಿವಾರ್ಯ ಕೆಡುಕೇ ಎಂದು ವಾದಿಸಿದ. ಮನುಷ್ಯರೆಲ್ಲ ಆತ್ಮಸಾಕ್ಷಿಯಂತೆ ನಡೆದಿದ್ದರೆ ಆಳುವವರೇ ಬೇಕಿರಲಿಲ್ಲ; ಹಾಗೆ ನಡೆಯದ ಕಾರಣ ನಮ್ಮ ಗಳಿಕೆಯಲ್ಲಿ ಒಂದು ಪಾಲು ಕೊಟ್ಟು ಉಳಿದದ್ದಕ್ಕೆ ಕಾವಲು ಪಡೆಯುತ್ತೇವೆ. ಆಳುವವರ ಅಧಿಕಾರಕ್ಕೆ ಮಿತಿ ಹಾಕಲು ಅವನು ಈ ವಾದ ಹೂಡಿದ.

ಅದೇ ದೇಶದ ಗುಲಾಮರ ಒಡೆಯರು ಇದೇ ವಾದವನ್ನು ತಮ್ಮ ಅಧಿಕಾರ ಉಳಿಸಿಕೊಳ್ಳಲು ಬಳಸಿದರು. ಎಲ್ಲ ಮನುಷ್ಯರೂ ಸಮಾನರು ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಗುಲಾಮಗಿರಿ ತಪ್ಪೆಂದು ಅವನಿಗೆ ಗೊತ್ತಿತ್ತು. ತೋಳದ ಕಿವಿ ಹಿಡಿದವರ ಹಾಗೆ, ಹಿಡಿದಿರಲೂ ಆಗದು, ಬಿಡಲೂ ಆಗದು ಎಂದು 1820ರ ಪತ್ರವೊಂದರಲ್ಲಿ ಗೋಳಾಡಿದ. ಅವನು ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಜನರನ್ನು. ಇಲ್ಲಿ ಅನಿವಾರ್ಯ ಎಂದು ತೀರ್ಪು ಕೊಟ್ಟವನು ಒಡೆಯ, ಚಾಟಿಯೇಟು ತಿಂದವರು ಬೇರೆಯವರು. ಅವರನ್ನು ಯಾರೂ ಕೇಳಲಿಲ್ಲ. 1837ರ ಹೊತ್ತಿಗೆ ಸೆನೆಟರ್ ಜಾನ್ ಕ್ಯಾಲ್ಹೂನ್, ಗುಲಾಮಗಿರಿ ಕೆಡುಕೇ ಅಲ್ಲ, ಒಳಿತು ಎಂದು ಸಂಸತ್ತಿನಲ್ಲೇ ಹೇಳಿದ. ಕೆಡುಕಿನ ಜೊತೆ ಬಹಳ ದಿನ ಬಾಳಿದರೆ ಅದನ್ನು ಕೆಡುಕೆನ್ನುವ ಸಂಕೋಚವೂ ಹೋಗುತ್ತದೆ. ಕಾನೂನಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ, ನಾಲ್ಕು ವರ್ಷದ ಅಂತರ್ಯುದ್ಧದ ನಂತರ.

ನಮ್ಮಲ್ಲಿ ಈ ವಾದ ಹೆಚ್ಚು ಕೇಳಿಬರುವುದು ಹೆಂಡದ ವಿಚಾರದಲ್ಲಿ. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರ್ಕಾರಕ್ಕೆ ಹೇಳುತ್ತದೆ. ಅಬಕಾರಿ ವರಮಾನವಿಲ್ಲದೆ ಖರ್ಚು ತೂಗಿಸುವುದು ಹೇಗೆಂದು ಸರ್ಕಾರ ಕೇಳುತ್ತದೆ. ನಿಷೇಧವಾದರೆ ಕಳ್ಳಬಟ್ಟಿ ಹುಟ್ಟುತ್ತದೆ ಎಂಬ ಅಂಜಿಕೆಯೂ ಸುಳ್ಳಲ್ಲ. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ ಅಂಗಡಿಯಿಂದ ಹೋಯಿತು, ಬಾಟಲಿಯ ವಿಸ್ಕಿ, ರಮ್ಮು ಉಳಿದವು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಕುಡಿತದಿಂದ ಬರುವ ಹಣ ಬಜೆಟ್ಟಿನಲ್ಲಿ ಕಾಣುತ್ತದೆ. ಆ ಹೆಣ್ಣುಮಕ್ಕಳ ಮನೆಯಲ್ಲಿ ಖಾಲಿಯಾದ ಕೂಲಿ, ಒತ್ತೆ ಹೋದ ತಾಳಿ, ಶಾಲೆ ಬಿಟ್ಟ ಮಗಳು ಯಾವ ಪುಟದಲ್ಲೂ ಇಲ್ಲ. ವರಮಾನ ಅನಿವಾರ್ಯ ಎನ್ನುವವರು ಆ ಖರ್ಚನ್ನೂ ಅದೇ ಬಜೆಟ್ಟಿನಲ್ಲಿ ಬರೆಯಬೇಕು, ಬರೆಯುವ ಮುನ್ನ ನಡೆದು ಬಂದ ಆ ಹೆಂಗಸರನ್ನು ಕೂರಿಸಿ ಕೇಳಬೇಕು.