ಆಲಿಕಲ್ಲಿನ ಒಂದು ಸಂಜೆ

ನನ್ನ ತಂಗಿಯ ಮಗ ಅಮೆರಿಕದ ಬಫೆಲೋ ಪಟ್ಟಣದಲ್ಲಿದ್ದಾನೆ. 2022ನೆಯ ಇಸವಿಯ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಬ್ಬದ ದಿನಗಳಲ್ಲಿಯೇ, ಆ ಊರಿನ ಮೇಲೆ ಹಿಮದ ಬಿರುಗಾಳಿಯೊಂದು ಎರಗಿತು. ನಾಲ್ಕು ಅಡಿಗೂ ಮಿಕ್ಕಿ ಹಿಮ ಬಿದ್ದಿತು. ನಲವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಕೆಲವರು ರಸ್ತೆಯ ನಡುವೆ ತಮ್ಮ ಮೋಟಾರಿನೊಳಗೇ ಸಿಕ್ಕಿಬಿದ್ದು ಸತ್ತರು. ಆ ದಿನಗಳಲ್ಲೊಮ್ಮೆ ದೂರವಾಣಿಯಲ್ಲಿ ಮಾತಾಡುತ್ತಿದ್ದ ಹುಡುಗ, ಯಂತ್ರವನ್ನು ಕಿಟಕಿಯ ಬಳಿ ಹಿಡಿದು, "ಗಾಳಿಯ ಸದ್ದು ಕೇಳ್ತದಾ ಮಾವ?" ಎಂದು ಕೇಳಿದ. ಕೇಳಿಸುತ್ತಿತ್ತು. ಬಾವಿಯೊಳಗಿನಿಂದ ಯಾರೋ ಉದ್ದಕ್ಕೆ ಕೂಗಿದ ಹಾಗೆ. "ನಮ್ಮ ಊರಲ್ಲಿ ಇಂಥದ್ದನ್ನು ನೀವು ಕಂಡಿರಲಿಕ್ಕಿಲ್ಲ" ಎಂದ. "ಇಲ್ಲ ಮಾರಾಯ, ನಮ್ಮಲ್ಲಿ ಎಲ್ಲಿಯ ಹಿಮ" ಎಂದು ನಾನೂ ಹೇಳಿಬಿಟ್ಟೆ.

ಹೇಳಿದ ಮೇಲೆ ಆ ರಾತ್ರಿ ನಿದ್ರೆ ಬರಲಿಲ್ಲ. ಹೇಳಿದ ಮಾತು ಪೂರ್ಣವಾಗಿ ಸತ್ಯವಾಗಿರಲಿಲ್ಲವೆಂಬುದು ನೆನಪಾಯಿತು. ನೆಲವೆಲ್ಲ ಬೆಳ್ಳಗಾದುದನ್ನು ನಾನೂ ಒಮ್ಮೆ ಕಂಡಿದ್ದೇನೆ. ಅದೂ ಚಳಿಗಾಲದಲ್ಲಲ್ಲ, ಎಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ.

ಪುತ್ತೂರು, ಸುಳ್ಯ, ಕಡಬಗಳ ಸೀಮೆಯನ್ನು ನೋಡದ ಓದುಗರಿಗಾಗಿ ಎರಡು ಮಾತು. ಇದು ಕಡಲಿಗೂ ಘಟ್ಟಕ್ಕೂ ನಡುವಣ ನಾಡು. ಕಡಲಿನ ಊರೂ ಅಲ್ಲ, ಮಲೆನಾಡೂ ಅಲ್ಲ. ಮೂಡಣ ದಿಕ್ಕಿನಲ್ಲಿ 1712 ಮೀಟರು ಎತ್ತರದ ಕುಮಾರಪರ್ವತ ಗೋಡೆಯಂತೆ ನಿಂತಿದೆ. ಆ ಕಡೆಯ ಬೆಟ್ಟಗಳಲ್ಲಿ ಹುಟ್ಟಿದ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಸುಳ್ಯದ ಪಯಸ್ವಿನಿ ಬೇರೆ ದಾರಿ ಹಿಡಿದು ಕಾಸರಗೋಡಿನ ಕಡೆಗೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಿದು. 1923ರ ನೆರೆಯನ್ನು ಹಳಬರು 'ಮಾರಿಬೊಳ್ಳ'ವೆಂದೇ ಕರೆಯುತ್ತಿದ್ದರು. ಹೀಗೆ, ನೀರಿನ ಭಯ ನಮಗೆ ಹೊಸತಲ್ಲ. ಆದರೆ ಆಟಿ ತಿಂಗಳ ಮಳೆ ಪಡುವಣ ಕಡಲಿನಿಂದ, ಹೇಳಿಕೇಳಿ, ದಿನಗಟ್ಟಲೆ ಬರುವ ಮಳೆ. ಅದಕ್ಕೆ ಮನೆಯನ್ನೂ ಹಟ್ಟಿಯನ್ನೂ ಸೌದೆಯ ಕೊಟ್ಟಿಗೆಯನ್ನೂ ಸಿದ್ಧಪಡಿಸಿಟ್ಟುಕೊಳ್ಳುತ್ತೇವೆ. ಪಗ್ಗು ತಿಂಗಳಿನ ಮಳೆಯ ರೀತಿಯೇ ಬೇರೆ. ಅದು ಮೂಡಣ ಘಟ್ಟದಿಂದ ಬೆನ್ನ ಹಿಂದೆ ಬರುತ್ತದೆ. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ, ಎಪ್ರಿಲ್ 17ರ ಬ್ರಹ್ಮರಥೋತ್ಸವದ ರಾತ್ರಿ ಬೆಡಿ ನೋಡಲು ಹೋದವರು, ಆಕಾಶದ ಬೆಡಿಯೇ ದೇವರ ಬೆಡಿಗಿಂತ ಜೋರಾದುದನ್ನು ಕಂಡು ತೊಯ್ದು ತೊಪ್ಪೆಯಾಗಿ ಮರಳಿದ ಕಥೆ ಪ್ರತಿ ಮನೆಯಲ್ಲಿಯೂ ಒಂದಾದರೂ ಇದ್ದೇ ಇರುತ್ತದೆ.

ನಾನು ಹೇಳಹೊರಟ ಸಂಜೆ 1970ರ ದಶಕದ ನಡುವಿನದು. ನನಗಾಗ ಹನ್ನೆರಡು ವರ್ಷ. ಬೇಸಗೆಯ ರಜೆಗೆ ಬಿಳಿನೆಲೆಗೂ ಸುಬ್ರಹ್ಮಣ್ಯಕ್ಕೂ ನಡುವೆ, ತೋಡಿನ ಬದಿಯಲ್ಲಿದ್ದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಆಗ ಅಲ್ಲಿಯ ಗ್ರಾಮಗಳಲ್ಲಿ ಕೆಲವು ಪುತ್ತೂರಿಗೂ ಕೆಲವು ಸುಳ್ಯಕ್ಕೂ ಸೇರಿದ್ದುವು; ಕಡಬ ತಾಲೂಕು ಆದುದು ಈಚಿನ ವರ್ಷಗಳಲ್ಲಿ. ದೊಡ್ಡಪ್ಪನವರಿಗೆ ಐವತ್ತು ದಾಟಿತ್ತು. ಎರಡೆಕರೆಯ ಅಡಕೆ ತೋಟ, ಸ್ವಲ್ಪ ಗದ್ದೆ. ಆ ವರ್ಷದ ಮಾರ್ಗಶಿರದಲ್ಲಿ ಮಗಳ ಮದುವೆಯೆಂದು ಗೊತ್ತಾಗಿತ್ತು. ಅದಕ್ಕಾಗಿ ತೋಟದ ಮೇಲೆ ಸಾಲವನ್ನೂ ಎತ್ತಿದ್ದರು. ಇದು ಹುಡುಗನಾಗಿದ್ದ ನನಗೆ ಆ ಸಂಜೆಯವರೆಗೆ ತಿಳಿದಿರಲಿಲ್ಲ.

ಅಂಗಳದ ತುಂಬ ಕೊನೆಯ ಕೊಯ್ಲಿನ ಅಡಕೆ ಹರವಿತ್ತು. ಅಡಕೆ ಚಾಲಿಯಾಗಬೇಕಾದರೆ ಸುಮಾರು ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೂ ಬೂಸು ಹಿಡಿದು ಅರ್ಧ ಬೆಲೆಯ ಸರಕಾಗುತ್ತದೆ. ಆದುದರಿಂದ ಆ ತಿಂಗಳುಗಳಲ್ಲಿ ಮನೆಯವರೆಲ್ಲರೂ, ಊಟಕ್ಕೆ ಕುಳಿತಾಗಲೂ, ಒಂದು ಕಣ್ಣನ್ನು ಮೂಡಣ ದಿಕ್ಕಿಗೇ ಇಟ್ಟಿರುತ್ತಾರೆ. ಅಂದು ಮಧ್ಯಾಹ್ನ ಒಂದು ಎಲೆಯೂ ಅಲುಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಜೀರುಂಡೆಗಳು ಒಮ್ಮೆಲೇ ಸುಮ್ಮನಾದುವು. ದೊಡ್ಡಪ್ಪ ಜಗಲಿಯಿಂದ ಎದ್ದುಹೋಗಿ ಅಂಗಳದ ತುದಿಯಲ್ಲಿ ನಿಂತರು. ಕುಮಾರಪರ್ವತ ಇರಲಿಲ್ಲ. ಅದಿದ್ದ ಸ್ಥಳದಲ್ಲಿ ನೇರಳೆಹಣ್ಣಿನ ಬಣ್ಣದ ಒಂದು ಮೋಡ, ಅದರ ಹೊಟ್ಟೆಯಲ್ಲಿ ತುಸು ಹಸುರು. "ಅಡಕೆ ರಾಶಿ ಮಾಡಿ" ಎಂದಷ್ಟೆ ಅಂದರು. ದೊಡ್ಡಮ್ಮ, ಅಕ್ಕ, ಮರವೇರುವ ಆಳು, ನಾನು, ಎಲ್ಲರೂ ಬಿದ್ದು ಎದ್ದು ಬಾಚಿ ಗೋಣಿಗೆ ತುಂಬಿದೆವು. ಅರ್ಧ ಉಳಿದಿರುವಾಗಲೇ ಗಾಳಿ ಬಂದಿತು.

ಗಾಳಿ ಬಂದಿತೆನ್ನುವುದಕ್ಕಿಂತ ಬಿದ್ದಿತೆನ್ನುವುದು ಸರಿ. ಅದು ತಣ್ಣಗಿತ್ತು. ಬೆವರಿದ ಮೈಗೆ ಅದರ ಸ್ಪರ್ಶ ಹಿತವೆನಿಸಿದ ಆ ಒಂದು ಗಳಿಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಳಿಕ ಮಾಡಿನ ಮೇಲೆ ಯಾರೋ ಕಲ್ಲೆಸೆದಂತಾಯಿತು. ಒಂದು, ಎರಡು, ಮತ್ತೆ ಲೆಕ್ಕವಿಲ್ಲ. ಹಿಂದಿನ ವರ್ಷವಷ್ಟೆ ಮುಳಿಹುಲ್ಲು ತೆಗೆದು ಹೊದೆಸಿದ್ದ ಮಂಗಳೂರು ಹಂಚು ಪಟಪಟನೆ ಒಡೆದು ಒಳಗೆ ಸುರಿಯಿತು. (ಹುಲ್ಲಿನ ಮಾಡಾಗಿದ್ದರೆ ಒಂದೂ ಒಡೆಯುತ್ತಿರಲಿಲ್ಲವೆಂದು ಅಜ್ಜಿ ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು.) ಅಜ್ಜಿ ಅಂಗಳಕ್ಕೆ ಒಂದು ಕತ್ತಿಯನ್ನು ಎಸೆದು, ದೇವರ ಕೋಣೆಯ ಬಾಗಿಲಲ್ಲಿ ಕುಳಿತು ಅರ್ಜುನನ ಹತ್ತು ಹೆಸರುಗಳನ್ನು ಹೇಳತೊಡಗಿದರು. ಅವರ ತುಟಿ ಆಡುತ್ತಿತ್ತೇ ಹೊರತು ಸ್ವರ ಯಾರಿಗೂ ಕೇಳಿಸುತ್ತಿರಲಿಲ್ಲ. ಹತ್ತು ನಿಮಿಷ ಹೀಗೆ ನಡೆದಿರಬಹುದು. ಗದ್ದಲ ನಿಂತಾಗ ಅಂಗಳವು ಬೆಳ್ಳಗೆ ಹೊಳೆಯುತ್ತಿತ್ತು. ನೆಲ್ಲಿಕಾಯಿ ಗಾತ್ರದವು, ಅಡಕೆ ಗಾತ್ರದವು. ಸೂರಿನ ಬುಡದಲ್ಲಿ ಗೇಣುದ್ದ ರಾಶಿ. ಕಾದ ನೆಲದಿಂದ ಹಬೆ ಏಳುತ್ತಿತ್ತು. 'ಬಿಳಿನೆಲೆ'ಯೆಂಬ ಹೆಸರಿನ ಮೂಲ ಏನೇ ಇರಲಿ, ಅಂದು ಒಂದು ಗಂಟೆಯ ಮಟ್ಟಿಗೆ ಅದು ಅನ್ವರ್ಥನಾಮವಾಗಿತ್ತು.

ನಾನು ಕುಣಿದೆ. ಹನ್ನೆರಡು ವರ್ಷದ ಹುಡುಗ ಇನ್ನೇನು ಮಾಡಿಯಾನು? ಬೊಗಸೆಗೆ ತುಂಬಿ ಬಾಯಿಗೂ ಹಾಕಿಕೊಂಡೆ. ದೊಡ್ಡಮ್ಮ ಬೈಯಲಿಲ್ಲ. ಒಂದು ಚೊಂಬಿನಲ್ಲಿ ಆಲಿಕಲ್ಲುಗಳನ್ನು ತುಂಬಿ, ನೆರೆಮನೆಯವರಿಗೆ ತೋರಿಸಬೇಕೆಂದು ಒಳಗಿಟ್ಟರು. ಅದು ದೀಪ ಹಚ್ಚುವ ಹೊತ್ತಿಗೆ ನೀರಾಗಿತ್ತು, ತುಳಸಿಗೆ ಹೊಯ್ದರು. ದೊಡ್ಡಪ್ಪ ಆಗಲೇ ತೋಟಕ್ಕೆ ಇಳಿದುಹೋಗಿದ್ದರು.

ಆಲಿಕಲ್ಲು ಎಂಬ ಮಾತು ಬಹಳ ಹಳೆಯದು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಅದಿದೆ. ತಮಿಳಿನಲ್ಲಿಯೂ 'ಆಲಿ' ಎಂದರೆ ಇದೇ ಅರ್ಥ. ಆನೆಕಲ್ಲೆಂದೂ ಕೆಲವೆಡೆ ಹೇಳುತ್ತಾರೆ. ಕಣ್ಣಾಲಿಯಂತೆ ದುಂಡಗಿರುವುದರಿಂದ ಆಲಿಕಲ್ಲಾಯಿತೆಂದು ಚಿಕ್ಕಂದಿನಲ್ಲಿ ನಾನೇ ಒಂದು ವ್ಯುತ್ಪತ್ತಿಯನ್ನು ಕಟ್ಟಿಕೊಂಡಿದ್ದೆ. ಅದನ್ನು ಪಂಡಿತರು ಮನ್ನಿಸಬೇಕು.

ಉರಿಬೇಸಗೆಯಲ್ಲಿ ಮಂಜುಗಡ್ಡೆ ಬೀಳುವುದು ವಿಚಿತ್ರವೆನಿಸಿದರೂ, ಅದು ಬೀಳುವುದು ಬೇಸಗೆಯ ಉರಿಯಿಂದಲೇ. ಎಪ್ರಿಲಿನ ಮಧ್ಯಾಹ್ನ ಕಡಲಿನ ಕಡೆಯಿಂದ ಬರುವ ತೇವದ ಗಾಳಿಯೂ ಮೂಡಣದ ಒಣಗಾಳಿಯೂ ಘಟ್ಟದ ಮೈಯಲ್ಲಿ ಸಂಧಿಸುತ್ತವೆ. ನೆಲದ ಕಾವಿಗೆ ಆ ಗಾಳಿ ಮೇಲಕ್ಕೇರಿ ಮೋಡವಾಗಿ, ಹನ್ನೆರಡು ಕಿಲೋಮೀಟರಿಗೂ ಎತ್ತರಕ್ಕೆ ಬೆಳೆಯುವುದುಂಟು. ಅಂದರೆ ಕುಮಾರಪರ್ವತವನ್ನು ಒಂದರ ಮೇಲೊಂದರಂತೆ ಏಳು ಸಲ ಪೇರಿಸಿಟ್ಟಷ್ಟು. ನಮ್ಮ ಸೀಮೆಯಲ್ಲಿ ಸುಮಾರು ಐದು ಕಿಲೋಮೀಟರಿನಿಂದ ಮೇಲೆ ಸೊನ್ನೆ ಡಿಗ್ರಿಗಿಂತಲೂ ಹೆಚ್ಚಿನ ಚಳಿ. ಅಲ್ಲಿ ಹೆಪ್ಪುಗಟ್ಟದೆ ಉಳಿದಿರುವ ನೀರಹನಿಗಳು ಒಂದು ಹಿಮದ ಕಣ ಸಿಕ್ಕಿದೊಡನೆ ಅದಕ್ಕೆ ಅಂಟಿ ಗಟ್ಟಿಯಾಗುತ್ತವೆ. ಕೆಳಗಿನಿಂದ ಏರುವ ಗಾಳಿ ಅದನ್ನು ಬೀಳಗೊಡದೆ ಎತ್ತಿ ಹಿಡಿಯುತ್ತದೆ. ಸುತ್ತಿನ ಮೇಲೆ ಸುತ್ತು ಬೆಳೆದು, ಗಾಳಿ ಹೊರಲಾರದಷ್ಟು ಭಾರವಾದಾಗ ಅದು ಬೀಳುತ್ತದೆ. ಒಂದನ್ನು ಒಡೆದು ನೋಡಿದರೆ ನೀರುಳ್ಳಿಯಂತೆ ಪದರಗಳು ಕಾಣುವುದು ಇದರಿಂದಲೇ. ಜೊತೆಗೆ ತಣ್ಣನೆಯ ಗಾಳಿಯೂ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತದೆ. ದೊಡ್ಡಪ್ಪನ ಅಂಗಳದಲ್ಲಿ ನನ್ನ ಬೆವರನ್ನು ಆರಿಸಿದ ಗಾಳಿ ಅದು.

ಕಡಲಕರೆಯಲ್ಲಿ ಇದು ಅಪರೂಪ. ಬೀಳುತ್ತ ಬೀಳುತ್ತ ಕರಗಿ ದಪ್ಪ ಹನಿಗಳಾಗುವುದೇ ಹೆಚ್ಚು. ಘಟ್ಟಕ್ಕೆ ಹತ್ತಿರವಾದಷ್ಟೂ ಕಲ್ಲು ಕಲ್ಲಾಗಿಯೇ ತಲಪುತ್ತದೆ. ಅದೇ ಬೆಟ್ಟಗಳ ಆಚೆ ಕೊಡಗಿನಲ್ಲಿ, ಶನಿವಾರಸಂತೆಯ ಕಡೆ, 2021ರ ಫೆಬ್ರವರಿಯಲ್ಲಿ ಆಲಿಕಲ್ಲು ಬಿದ್ದು ನೆಲ ಬಿಳಿಯಾದ ಚಿತ್ರಗಳನ್ನು ಜನ ಕಾಶ್ಮೀರವೆಂದು ಹೇಳಿ ಹಂಚಿಕೊಂಡರು. ಕಾಫಿ ಬೆಳೆದವನ ಮುಖ ಆ ಚಿತ್ರಗಳಲ್ಲಿ ಇರಲಿಲ್ಲ. 2014ರ ಫೆಬ್ರವರಿ ಮಾರ್ಚಿಗಳಲ್ಲಿ ಉತ್ತರ ಕರ್ನಾಟಕದ ಜೋಳ, ದ್ರಾಕ್ಷಿಗಳಿಗೆ ಆದ ನಷ್ಟವನ್ನು ಅಲ್ಲಿಯವರು ಮರೆತಿರಲಾರರು. 1888ರ ಎಪ್ರಿಲ್ 30ರಂದು ಉತ್ತರದೇಶದ ಮೊರಾದಾಬಾದಿನ ಬಳಿ ಆಲಿಕಲ್ಲಿನ ಹೊಡೆತಕ್ಕೆ 246 ಮಂದಿ ಸತ್ತರು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿಲ್ಲ.

ದೊಡ್ಡಪ್ಪನ ತೋಟದಲ್ಲಿ ಮನುಷ್ಯರು ಸಾಯಲಿಲ್ಲ. ಮರುದಿನ ಬೆಳಿಗ್ಗೆ ಅವರ ಹಿಂದೆ ನಾನೂ ತೋಟಕ್ಕೆ ಹೋದೆ. ಕಣಿಗಳು ಸೋಗೆಯಿಂದ ಮುಚ್ಚಿಹೋಗಿದ್ದುವು. ಮರಗಳು ನಡುವಿನಲ್ಲಿ ಮುರಿದು, ಮೊಂಡು ಕಂಬಗಳಾಗಿ ನಿಂತಿದ್ದುವು. ದೊಡ್ಡಪ್ಪ ಪ್ರತಿಯೊಂದನ್ನೂ ಮುಟ್ಟಿ ಎಣಿಸಿದರು: ನೂರ ಅರುವತ್ತೆರಡು. ಬಿಸಿಲು ಬಡಿದು ತೊಗಟೆ ಸೀಳಿದ ಮರಗಳೇ ಮೊದಲು ಮುರಿದಿದ್ದುವು. ನೈರುತ್ಯದ ಸಂಜೆಬಿಸಿಲು ಅಡಕೆಮರದ ಕಾಂಡವನ್ನು ಸುಡುತ್ತದೆ. ಸುಟ್ಟ ಸ್ಥಳ ಪೊಳ್ಳಾಗಿ ಗಾಳಿಗೆ ತಡೆಯುವುದಿಲ್ಲ. 1956ರಲ್ಲಿ ವಿಟ್ಲದಲ್ಲಿ ಆರಂಭವಾದ ಅಡಕೆ ಸಂಶೋಧನ ಕೇಂದ್ರದವರು ಸಾಲುಗಳನ್ನು ತೆಂಕುಬಡಗಿನ ಗೆರೆಯಿಂದ ಪಡುವಣಕ್ಕೆ 35 ಡಿಗ್ರಿ ಓರೆಯಾಗಿ ಹಿಡಿಯಬೇಕೆಂದೂ, ಕಾಂಡಕ್ಕೆ ಸೋಗೆಯನ್ನು ಕಟ್ಟಬೇಕೆಂದೂ ಹೇಳುವುದು ಇದಕ್ಕೇ. ಆದರೆ ದೊಡ್ಡಪ್ಪನ ತೋಟವನ್ನು ಹಾಕಿದವರು ಅವರ ಅಜ್ಜ. ಆ ಕಾಲಕ್ಕೆ ಸಾಲೆಂಬುದೇ ಇರಲಿಲ್ಲ. ಪಡುವಣ ಬಿಸಿಲಿಗೆ ಹೊರಸಾಲಿನ ಮರಗಳಿಗಷ್ಟೆ ಮರೆ ಕಟ್ಟಿದ್ದರು. ಗಾಳಿ ಬಂದುದು ಮೂಡಣದಿಂದ.

ಮುರಿದ ಮರಗಳಿಗಿಂತಲೂ ನಿಂತ ಮರಗಳ ದುಃಖ ದೊಡ್ಡದೆಂದು ಆ ದಿನ ತಿಳಿಯಿತು. ಆಗತಾನೆ ಹಾಳೆ ಬಿಚ್ಚಿದ ಹಿಂಗಾರಗಳು ಕಲ್ಲಿನೇಟಿಗೆ ಜಜ್ಜಿಹೋಗಿದ್ದುವು. ನಳ್ಳಿ ಬುಡದಲ್ಲಿ ಉದುರಿತ್ತು. ಹೊರಗಿನಿಂದ ಮರ ಚೆನ್ನಾಗಿಯೇ ಇದೆ. ಮುಂದಿನ ವರ್ಷದ ಫಸಲು ಇಲ್ಲ. ಹದಿನೈದು ದಿನ ಕಳೆದು ನಷ್ಟದ ಲೆಕ್ಕಕ್ಕೆ ಬಂದವರು ಮುರಿದ ಮರಗಳನ್ನಷ್ಟೆ ಬರೆದುಕೊಂಡರು. "ಹಿಂಗಾರದ್ದು?" ಎಂದು ದೊಡ್ಡಪ್ಪ ಕೇಳಿದರು. ಅದಕ್ಕೆ ಕಾಗದದಲ್ಲಿ ಅಂಕಣವಿಲ್ಲವೆಂದು ಉತ್ತರ ಬಂದಿತು. ದೊಡ್ಡಪ್ಪ ಮತ್ತೇನೂ ಕೇಳದೆ ಅವರಿಗೆ ಮಜ್ಜಿಗೆ ಕೊಡಿಸಿದರು.

ಮದುವೆ ಒಂದು ವರ್ಷ ಮುಂದೆ ಹೋಯಿತು. ಗಂಡಿನ ಕಡೆಯವರು ಸಜ್ಜನರು, ಕಾದರು. ಆ ನಡುವೆ ಅಕ್ಕ ಎಷ್ಟು ತೆಳ್ಳಗಾದಳೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ 'ಬೆಟ್ಟದ ಜೀವ' ಕಾದಂಬರಿಯ ನೆಲ ಇದೇ ಕುಮಾರಪರ್ವತದ ಸೆರಗು. ಕಾಲೇಜಿನಲ್ಲಿ ಅದನ್ನು ಓದಿದಾಗ ಸಹಪಾಠಿಗಳು ಬೆಟ್ಟದ ವರ್ಣನೆಯನ್ನು ಹೊಗಳುತ್ತಿದ್ದರೆ, ನನಗೆ ದೊಡ್ಡಪ್ಪ ಆ ಮಳೆಗಾಲದ ಆರಂಭದಲ್ಲಿ ಹೊಂಡ ತೆಗೆಯುತ್ತಿದ್ದುದೇ ಕಣ್ಣ ಮುಂದೆ ಬರುತ್ತಿತ್ತು. ಅಡಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಸಾಲಗಾರರು ಐದಾರು ವರ್ಷ ಕಾಯುವವರಲ್ಲ. ತೋಟವನ್ನು ಮಾರಿ ಪುತ್ತೂರಿನಲ್ಲಿ ಒಂದು ಅಂಗಡಿ ಇಡುವಂತೆ ನನ್ನ ತಂದೆಯೇ ಹೇಳಿದ್ದರು. ದೊಡ್ಡಪ್ಪ ಗದ್ದೆಯನ್ನು ಮಾರಿದರು, ತೋಟವನ್ನು ಇಟ್ಟುಕೊಂಡರು. ಅದು ಜಾಣತನವೋ ಹಟವೋ ಇಂದಿಗೂ ನನಗೆ ನಿರ್ಣಯಿಸಲಾಗಿಲ್ಲ. ಗದ್ದೆ ಹೋದ ಮೇಲೆ ಆ ಮನೆಯವರು ಅಕ್ಕಿಯನ್ನು ಅಂಗಡಿಯಿಂದ ತಂದುಣ್ಣುವಂತಾಯಿತು, ಅದನ್ನು ದೊಡ್ಡಮ್ಮ ಬಹಳ ಕಾಲ ಅವಮಾನವೆಂದೇ ಭಾವಿಸಿದ್ದರು.

ಆಮೇಲಿನ ವರ್ಷಗಳಲ್ಲಿ ಆ ಸೀಮೆಯ ಮುಖವೇ ಬದಲಾಯಿತು. ಗುಡ್ಡಗಳಲ್ಲಿ ರಬ್ಬರು ಬಂದಿತು. 1964ರ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳರು ಸುಳ್ಯದ ಸುತ್ತಿನ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಸಿದರು. ರಬ್ಬರಿನ ಮರ ಗಾಳಿಗೆ ಅಡಕೆಗಿಂತಲೂ ಅಂಜುಬುರುಕ. ಅರಂತೋಡು, ಸಂಪಾಜೆಗಳ ಕಡೆ ಹಳದಿ ಎಲೆ ರೋಗ ಬಂದು, ಬಿರುಗಾಳಿಯೇ ಇಲ್ಲದೆ ತೋಟಗಳು ಬಯಲಾದುವು. ಬೊಂಬಾಯಿಗೆ ಹೋಗಿದ್ದ ದೊಡ್ಡಪ್ಪನ ಮಗ ಮರಳಿ ಬಂದು ತೋಟ ನೋಡಿಕೊಳ್ಳುತ್ತಿದ್ದಾನೆ. ದೊಡ್ಡಪ್ಪ ತೀರಿಕೊಂಡು ಇಪ್ಪತ್ತು ವರ್ಷಗಳಾದುವು. ಅಂದು ಅವರು ನೆಟ್ಟ ಗಿಡಗಳು ಈಗ ಮುದಿಮರಗಳು. ತಳೆ ಕಟ್ಟಿ ಏರುವವರು ಅವುಗಳ ಎತ್ತರವನ್ನು ನೋಡಿ ಕೂಲಿ ಹೆಚ್ಚು ಕೇಳುತ್ತಾರೆ.

ಈಚೆಗೊಂದು ಎಪ್ರಿಲಿನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಸಂಜೆ ಅದೇ ಮೂಡಣದಿಂದ ಗಾಳಿ ಎದ್ದಿತು. ವಿದ್ಯುತ್ತು ಹೋಯಿತು. ಅಂಗಳದ ಅಡಕೆಯ ಮೇಲೆ ಟಾರ್ಪಾಲು ಎಳೆದು, ಅದರ ಅಂಚಿಗೆ ಕಲ್ಲು ಹೇರಿ, ಅಣ್ಣನೂ ನಾನೂ ಜಗಲಿಯಲ್ಲಿ ಕುಳಿತೆವು. ಕತ್ತಲಲ್ಲಿ ಮರ ಮುರಿಯುವ ಸದ್ದು ಕೇಳಿಸಿದಾಗಲೆಲ್ಲ ಅವನು ಏನೂ ಹೇಳದೆ ಒಂದು ಬೆರಳು ಮಡಿಸುತ್ತಿದ್ದ. ಎರಡು ಕೈಗಳ ಬೆರಳೂ ಮುಗಿದ ಮೇಲೆ ಎಣಿಸುವುದನ್ನು ಬಿಟ್ಟ.

ದೊಡ್ಡಮ್ಮನಿಗೆ ಈಗ ತೊಂಬತ್ತರ ಹತ್ತಿರ. ಕಿವಿ ಮಂದವಾಗಿದೆ. ಗಾಳಿ ನಿಂತ ಮೇಲೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಕಲ್ಲು ಬಿತ್ತಾ ಮಗಾ?" ಎಂದು ಕೇಳಿದರು.

"ಇಲ್ಲ ದೊಡ್ಡಮ್ಮ, ಗಾಳಿ ಮಾತ್ರ."

"ಹಾಗಾದರೆ ಹಿಂಗಾರ ಉಳಿದಿರಬಹುದು" ಎಂದು ಹೇಳಿ ಒಳಗೆ ಹೋಗಿ ಮಲಗಿದರು.