ಫಿಲಿಪ್ಪೀನ್ಸ್‌ನ ಪ್ರಣಯ ಕಾದಂಬರಿಗಳು: ಹಗುರ ಓದಿನ ತೂಕ

ಇಂಗ್ಲಿಷ್ ಪುಸ್ತಕಗಳದೇ ಮೇಲುಗೈಯಾಗಿದ್ದ ಫಿಲಿಪ್ಪೀನ್ಸ್ ಮಾರುಕಟ್ಟೆಯಲ್ಲಿ ಜನಸಾಮಾನ್ಯರ ನುಡಿಯಾದ ಟಗಾಲೊಗ್‌ಗೆ ಸ್ಥಾನ ದೊರಕಿಸಿದವುಗಳಲ್ಲಿ ಅಗ್ಗದ ಪ್ರಣಯ ಕಾದಂಬರಿಗಳು ಪ್ರಮುಖವಾದವು. 1992ರಲ್ಲಿ ಆರಂಭವಾದ ‘ಪ್ರೆಷಸ್ ಹಾರ್ಟ್ಸ್ ರೊಮ್ಯಾನ್ಸಸ್’ ಮಾಲೆ ಅಲ್ಲಿ ಮನೆಮಾತಾಯಿತು. 2009ರಿಂದ ಅದರ ಕಥೆಗಳು ಕಿರುತೆರೆಯನ್ನೂ ಏರಿದವು.

ಇಂಗ್ಲಿಷಿನಲ್ಲಿ ಬೆಳೆದ ‘ಚಿಕ್ ಲಿಟ್’ ಇನ್ನೊಂದು ಕವಲು. ಉದ್ಯೋಗಸ್ಥ ಯುವತಿಯರ ಗೆಳೆತನ, ಪ್ರೇಮ, ಗೊಂದಲಗಳನ್ನು ಅದು ನಗುನಗುತ್ತಲೇ ಚಿತ್ರಿಸುತ್ತದೆ. ಮಿನಾ ಎಸ್ಗೆರಾ ಅವರ ‘ಮೈ ಇಮ್ಯಾಜಿನರಿ ಎಕ್ಸ್’ (2009) ಇದಕ್ಕೆ ನಿದರ್ಶನ. 2013ರಲ್ಲಿ ಅವರು ಹುಟ್ಟುಹಾಕಿದ ‘ರೊಮ್ಯಾನ್ಸ್‌ಕ್ಲಾಸ್’ ಬಳಗದಲ್ಲಿ ಅನೇಕ ಓದುಗರು ಸ್ವತಃ ಲೇಖಕರಾದರು.

ಸುಖಾಂತ್ಯವೇ ಈ ಪ್ರಕಾರದ ಕಟ್ಟಳೆ. ಆದ್ದರಿಂದಲೇ ಇದು ಬರಿಯ ಕಾಲಹರಣವೆಂದು ಮೂಗು ಮುರಿಯುವುದು ಸುಲಭ. ಆದರೆ ಪರದೇಶದ ನಾಯಕಿಯರನ್ನೇ ಓದುತ್ತ ಬೆಳೆದ ಹೆಣ್ಣುಮಗಳಿಗೆ ತನ್ನ ಊರು, ತನ್ನ ಮಾತು, ತನ್ನ ಮನೆಯ ಕಟ್ಟುಪಾಡುಗಳು ಪುಟದಲ್ಲಿ ಎದುರಾಗುವುದು ಸಣ್ಣ ಸಂಗತಿಯಲ್ಲ. ಈ ಹಗುರ ಓದಿನ ನಿಜವಾದ ತೂಕ ಅದೇ.