ವಸತಿ, ನಿವೇಶನ, ಬಾಡಿಗೆ: ಮೂರು ಪದಗಳ ಅರ್ಥವಿಚಾರ

1999ರಲ್ಲಿ ಟೊಯೋಟಾ ಕಾರ್ಖಾನೆಯು ಉತ್ಪಾದನೆಗೆ ತೊಡಗಿದ ಬಿಡದಿಗೆ ದುಡಿಯಬಂದವನು ವಸತಿಯ ಪರಿಭಾಷೆಯನ್ನು ಅರಿತಿರಬೇಕು. ‘ನಿವೇಶನ’ವು ಸಂಸ್ಕೃತದಲ್ಲಿ ವಾಸಸ್ಥಾನವನ್ನೇ ಸೂಚಿಸುವುದಾದರೂ ಕನ್ನಡದ ಆಡಳಿತದಲ್ಲಿ ಬರಿಯ ನೆಲವಾಗಿರುವುದು. ‘ಬಸದಿ’ಯ ಮೂಲವಾದ ‘ವಸತಿ’ಯಾದರೋ ವಾಸವನ್ನು ಹೇಳುವುದು, ಒಡೆತನವನ್ನಲ್ಲ.

‘ಕೈಗೆಟಕುವ ಮನೆ’ಯೆಂಬಲ್ಲಿ ಯಾರ ಕೈಗೆಂಬುದೇ ಪ್ರಶ್ನೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರವಿಭಾಗವು ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ವರಮಾನವುಳ್ಳ ಕುಟುಂಬವನ್ನು ‘ಆರ್ಥಿಕವಾಗಿ ದುರ್ಬಲ ವರ್ಗ’ವೆಂದು ಗಣಿಸಿ, ಅದರ ಮನೆಗೆ 30 ಚದರ ಮೀಟರಿನವರೆಗೆ ಒಳವಿಸ್ತೀರ್ಣವನ್ನು ಗೊತ್ತುಮಾಡಿತು. ಆದರೆ ವಲಸೆ ಬಂದ ಕಾರ್ಮಿಕನಿಗೆ ಮೊದಲು ಬೇಕಾದುದು ಒಡೆತನವಲ್ಲ, ಇರುವ ತಾಣ. ಕೊರೋನಾ ಕಾಲದಲ್ಲಿ ಕೂಲಿಕಾರರು ನಗರಗಳನ್ನು ತೊರೆದ ಬಳಿಕ, 2020ರಲ್ಲಿ, ‘ಕೈಗೆಟಕುವ ಬಾಡಿಗೆ ವಸತಿ ಸಂಕೀರ್ಣ’ವೆಂಬ ಹೆಸರು ಸೇರಿದುದು ಈ ಕೊರತೆಯಿಂದಲೇ.

ಆದುದರಿಂದ ಅರ್ಜಿದಾರನು ತಾನು ಕೇಳುತ್ತಿರುವುದು ನೆಲವನ್ನೋ, ಮನೆಯನ್ನೋ, ಬಾಡಿಗೆಯ ಕೋಣೆಯನ್ನೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.